ಬೆಣ್ಣೆಯ ಕಣ್ಣು, ಸುಣ್ಣದ ಕಣ್ಣು

ನಾನು ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದಾಗ ಒಂದು ಗಾದೆ ಪರೀಕ್ಷೆಗೆ ತಪ್ಪದೇ ಹಾಜರಾಗುತ್ತಿತ್ತು: ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ.’ ವಿಸ್ತರಿಸಿ ಬರೆಯಿರಿ. ಹುಡುಗರು ವಿಸ್ತರಿಸುತ್ತಿದ್ದರು. ಮೊದಲ ವಾಕ್ಯ ಎಲ್ಲರದೂ ಒಂದೇ: ಗಾದೆ ವೇದಕ್ಕೆ ಸಮಾನ. ಎರಡನೆಯ ವಾಕ್ಯದಲ್ಲಿ ಮಲತಾಯಿ ಬರುತ್ತಿದ್ದಳು, ಮೂರನೆಯದರಲ್ಲಿ ಸರಕಾರ. ಸುಣ್ಣ ನಿಜವಾಗಿಯೇ ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಯಾವ ಹುಡುಗನೂ ಬರೆಯಲಿಲ್ಲ. ಬರೆದಿದ್ದರೆ ವಿಷಯಾಂತರವೆಂದು ನಾನೇ ಅಂಕ ಕಡಿಯುತ್ತಿದ್ದೆ.

ನಿವೃತ್ತನಾದ ಮೇಲೆ ಆ ವಿಷಯಾಂತರ ನಮ್ಮ ಮನೆಗೇ ಬಂತು. ನನ್ನ ಅಕ್ಕನನ್ನು ಕೊಟ್ಟದ್ದು ನೇಸರಗಿಗೆ, ಕಬ್ಬು ಬೆಳೆಯುವ ಮನೆತನಕ್ಕೆ. ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತು ಎಲೆ ಹಾಕಿಕೊಳ್ಳುವುದು ಅವಳ ನಿತ್ಯವಿಧಿ. ಅತ್ತೆಯ ಕಾಲದ ಹಿತ್ತಾಳೆಯ ಸುಣ್ಣದ ಕಾಯಿ ಮೂಲೆಗೆ ಸೇರಿ ಪ್ಲಾಸ್ಟಿಕ್ ಟ್ಯೂಬು ಬಂದಿತ್ತು. ಒಂದು ದಿನ ಅದರ ಬಾಯಿ ಒಣಗಿ ಕಟ್ಟಿಕೊಂಡಿತ್ತು. ಯಾಕೆ ಬರುತ್ತಿಲ್ಲವೆಂದು ಅಕ್ಕ ಅದನ್ನು ಮುಖದ ಹತ್ತಿರ ಹಿಡಿದು, ಒಳಗೆ ಇಣುಕಿ, ಒತ್ತಿದಳು. ಬಂತು.

ಅಕ್ಕ ನೀರಿನ ಬಾನಿಯ ಕಡೆ ಓಡಿದಳು. ಅವಳ ಗಂಡ ತಡೆದರು. ಅಕ್ಕನ ಗಂಡನನ್ನು ನಾವು ಮಾಮಾ ಅನ್ನುತ್ತೇವೆ. ಇಲ್ಲಿಯೂ ಹಾಗೇ ಅನ್ನುತ್ತೇನೆ. ಮಾಮಾ ಹರೆಯದಲ್ಲಿ ವರ್ಷವರ್ಷ ಮನೆಗೆ ಸುಣ್ಣ ಬಳಿದವರು. ಸುಣ್ಣದ ಹರಳಿಗೆ ನೀರು ಹಾಕಿದರೆ ಹಂಡೆ ಕೊತಕೊತ ಕುದಿಯುವುದನ್ನು ಕಂಡವರು. “ನೀರ ಹಾಕಬ್ಯಾಡ, ಕುದೀತೈತಿ!” ಎಂದು ಅವಳ ಕೈ ಹಿಡಿದುಕೊಂಡರು. ಎಲೆಗೆ ಹಚ್ಚುವ ಸುಣ್ಣ ಅದಾಗಲೇ ಕುದ್ದು, ತಣಿದು, ಮತ್ತೆ ಕುದಿಯುವ ಉತ್ಸಾಹ ಕಳೆದುಕೊಂಡ ಸುಣ್ಣವೆಂದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಪಕ್ಕದ ಮನೆಯ ಮುದುಕಿ ಬೆಣ್ಣೆ ತಂದಳು. ಹೀಗೆ ಗಾದೆಯ ಎರಡೂ ಪದಾರ್ಥಗಳು ಒಂದೇ ಕಣ್ಣಿಗೆ ಬಿದ್ದವು. ಬೇಕಾಗಿದ್ದದ್ದು ನೀರು, ಕೊಡಗಟ್ಟಲೆ, ಆ ಕ್ಷಣವೇ. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಬಿತ್ತು.

ಬಲಗಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಪರೆ ಬೆಳೆಯಿತು, ಪರೆಯ ಮೇಲೆ ಕೆಂಪು ನರಗಳು ಹಬ್ಬಿದವು. ಬೆಳಕು ಬಿದ್ದರೆ ಚುಚ್ಚುವುದು, ಸದಾ ನೀರು ಸೋರುವುದು. ದಾನಿಗಳ ಕಣ್ಣಿನ ಪಾರದರ್ಶಕ ಪದರ ಹಾಕಿಸೋಣವೆಂದರೆ ಆಗಿನ ಡಾಕ್ಟರು, ಹಾಕಿದರೂ ನಿಲ್ಲುವುದಿಲ್ಲ ಅಂದರು. ಎಡಗಣ್ಣು ಮಾತ್ರ ಚೊಕ್ಕ ಇತ್ತು. ಅದೊಂದರಿಂದಲೇ ಅಕ್ಕ ಸಂಸಾರ ತೂಗಿಸಿದಳು. ಚಹಾ ಬಸಿಯೊಳಗೆ ಬೀಳುವ ಬದಲು ಬಸಿಯ ಪಕ್ಕ ಬೀಳುತ್ತಿತ್ತು. “ಬಸಿ ಸರದೈತಿ” ಎಂದು ಬಸಿಯನ್ನೇ ಬೈಯುತ್ತಿದ್ದಳು.

ಒಂದೆರಡು ವರ್ಷಗಳ ಹಿಂದೆ ಹುಬ್ಬಳ್ಳಿ ಕಡೆಯ ಒಂದು ಕಣ್ಣಾಸ್ಪತ್ರೆಯಲ್ಲಿ ಹೊಸ ಲೇಡಿ ಡಾಕ್ಟರೊಬ್ಬರು, ನಮ್ಮ ಕಡೆಯ ಮಾತಿನಲ್ಲಿ ಡಾಕ್ಟರ್ ಬಾಯಿ, ಆ ಕಣ್ಣನ್ನು ಯಂತ್ರದೊಳಗಿಂದ ಬಹಳ ಹೊತ್ತು ನೋಡಿದರು. ಆಮೇಲೆ ಮಾಮಾನ ಕಡೆ ತಿರುಗಿ, “ಹೊಲಾ ಮಾಡ್ತೀರಲ್ರಿ? ಹಂಗಾರ ನಿಮಗ ಹೇಳೂದು ಸಸಾರ” ಅಂದರು.

“ಕರಿಗುಡ್ಡಿ ಸುತ್ತ ಒಂದು ಅಂಚು ಐತ್ರಿ, ಹೊಲದ ಬದು ಇದ್ದಂಗ. ಗುಡ್ಡಿ ಮ್ಯಾಲಿನ ತೆಳು ಪದರ ದಿನಾ ಸವೀತೈತಿ. ಆ ಅಂಚಿನಾಗಿನ ಜೀವಕೋಶ ದಿನಾ ಹೊಸಾದು ಹುಟ್ಟಿಸಿ ಕೊಡ್ತಾವ. ಸುಣ್ಣ ಆ ಅಂಚನ್ನ ಸುಟ್ಟೈತಿ. ಬದು ಒಡದ್ರ ಬಾಜೂ ಹೊಲದ ಕಸ ಒಳಗ ಬರ್ತೈತಲ್ಲ, ಹಂಗ ಬಿಳಿಗುಡ್ಡಿ ಚರ್ಮ, ನರ ಎಲ್ಲಾ ಒಳಗ ನುಗ್ಗ್ಯಾವ. ಮೊದಲ ಬದು ಆಗಬೇಕು. ಇಲ್ಲಾಂದ್ರ ಯಾರ ಕಣ್ಣ ತಂದು ಹಾಕಿದ್ರೂ ಅದರ ಮ್ಯಾಲೂ ಕಸಾನ.”

ನಾನು ಕಣ್ಣರಳಿಸಿ ಕೇಳುತ್ತಿದ್ದೆ. ಕಣ್ಣಿನ ಮೇಲ್ಪದರ ಯಾರ ಅರ್ಜಿಗೂ ಕಾಯದೆ ತಾನೇ ಹೊಸದಾಗುತ್ತದೆ ಎಂಬುದು ಇಷ್ಟು ವರ್ಷ ಕಣ್ಣಿನಿಂದಲೇ ಪುಸ್ತಕ ಓದಿದ ನನಗೆ ತಿಳಿದಿರಲಿಲ್ಲ.

“ಬದುವಿಗೆ ಮಣ್ಣ ಎಲ್ಲಿಂದ ತರ್ತೀರಿ?” ಮಾಮಾ ಕೇಳಿದರು.

“ಅವರದ ಎಡಗಣ್ಣಿನಿಂದ. ಅಂಚಿನಾಗಿಂದ ಒಂದ್ ಚೂರ.”

ಮಾಮಾ ಎದ್ದು ನಿಂತರು. “ಅದೊಂದ ಕಣ್ಣ ಉಳದೈತ್ರಿ ಇಕಿಗೆ. ಅದಕ್ಕ ಯಾರೂ ಕೈ ಹಚ್ಚೂದು ಬ್ಯಾಡ.” ಅಲ್ಲಿಗೆ ಆ ಸಭೆ ಮುಗಿಯಿತು.

ಕೆಲವು ತಿಂಗಳು ಕಣ್ಣಿನ ಮಾತೇ ಏಳಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮಾಮಾ ಬೈಲಹೊಂಗಲದ ನಮ್ಮ ಮನೆಗೆ ಬಂದರು, ಕೈಯಲ್ಲಿ ಮಿರಮಿರ ಮಿಂಚುವ ಒಂದು ಕರಪತ್ರ. ಸವದತ್ತಿಯ ಲಾಡ್ಜೊಂದರಲ್ಲಿ ಶಿಬಿರ; ಕಾಂಡಕೋಶ ಚಿಕಿತ್ಸೆ; ಕಣ್ಣು, ಮೊಣಕಾಲು, ಸಕ್ಕರೆ ಕಾಯಿಲೆ, ಬೋಳುತಲೆ ಎಲ್ಲಕ್ಕೂ ಒಂದೇ ಸೂಜಿ.

‘ಕಾಂಡಕೋಶ’ ಎಂಬುದು ಯಾರೋ ಪುಣ್ಯಾತ್ಮರು ಇಂಗ್ಲಿಷಿನ ‘ಸ್ಟೆಮ್ ಸೆಲ್’ ಅನ್ನು ಬೇರುಸಮೇತ ಕಿತ್ತು ತಂದು ಕನ್ನಡದಲ್ಲಿ ನೆಟ್ಟ ಮಾತು. ‘ಆಕರಕೋಶ’ ಎಂಬ ಇನ್ನೊಂದು ಮಾತಿದೆ, ಅರ್ಥಕ್ಕೆ ಅದೇ ವಾಸಿ. ಆದರೆ ಕರಪತ್ರದವರಿಗೆ ಅರ್ಥಕ್ಕಿಂತ ಗತ್ತು ಮುಖ್ಯ, ಗತ್ತು ಕಾಂಡಕ್ಕೇ ಹೆಚ್ಚು. ನಾನು ಇದನ್ನೆಲ್ಲ ಗಂಭೀರವಾಗಿ ವಿವರಿಸುವುದಕ್ಕೆ ಹೊರಟೆ. ಮಾಮಾ ಕೈ ಎತ್ತಿ ನಿಲ್ಲಿಸಿದರು.

“ಮಾಸ್ತರ, ನೀವು ಹೇಳೂದು ಆಮ್ಯಾಲೆ. ನಾ ಕೇಳೂದಕ್ಕ ಹೇಳ್ರಿ. ಕಬ್ಬಿನ ಕಣ್ಣ ಎಲ್ಲಿರ್ತೈತಿ?”

ಕಬ್ಬಿನ ಮೊಳಕೆಗೆ ನಾವು ಕಣ್ಣು ಅನ್ನುತ್ತೇವೆ. ಕಬ್ಬನ್ನು ಕಣ್ಣಿರುವ ತುಂಡುಗಳಾಗಿ ಕಡಿದು ಊರಿದರೆ ಅದೇ ಬೀಜ, ಅದೇ ಹೊಸ ಕಬ್ಬು. “ಗೆಣ್ಣಿನ ಮ್ಯಾಲೆ,” ಅಂದೆ.

“ಗೆಣ್ಣ ಎಲ್ಲಿರ್ತೈತಿ?”

“ಕಾಂಡದಾಗ.”

“ಮತ್ತ? ಇಲ್ಲೆ ಬರದಾರ ನೋಡ್ರಿ, ಕಾಂಡ! ಕಾಂಡದಾಗಿಂದ ಕಣ್ಣ ಹುಟ್ಟೂದು ಖರೆ. ಕಣ್ಣ ಕೊರದು ಕಣ್ಣ ಮಾಡ್ತೀನಿ ಅಂದ್ರ ಯಾವ ರೈತ ಒಪ್ತಾನ? ಇವರು ಹೊಟ್ಟ್ಯಾಗಿನ ಕೊಬ್ಬ ತಗದು ಕಣ್ಣಿಗೆ ಹಾಕ್ತಾರಂತ. ಮನಶಾಗ ಕಾಂಡ ಅಂದ್ರ ಇದ ಅಲ್ಲೇನ?” ಎಂದು ತಮ್ಮ ಹೊಟ್ಟೆಯ ಮೇಲೆ ಎರಡು ಬಾರಿಸಿದರು. ಅದು ಒಳ್ಳೆ ಬೆಳೆ ಬಂದ ಕಾಂಡದ ಸದ್ದನ್ನೇ ಕೊಟ್ಟಿತು.

ತರ್ಕ ಎಲ್ಲಿಯೂ ಮುರಿದಿರಲಿಲ್ಲ; ಬುಡ ಮಾತ್ರ ಒಂದು ತಪ್ಪು ಶಬ್ದದಲ್ಲಿತ್ತು.

ಶಿಬಿರಕ್ಕೆ ಮೂವರೂ ಹೋದೆವು. ಕೋಟು ತೊಟ್ಟ ಸಲಹೆಗಾರನೊಬ್ಬ, ತಲೆಯ ಮೇಲೆ ಟೋಪಿ, ಎಲ್ಲರನ್ನೂ ಕೈಹಿಡಿದು ಕೂರಿಸಿದ. ಡಾಕ್ಟರು ದೊಡ್ಡ ಊರಿನಲ್ಲಿರುತ್ತಾರಂತೆ, ಹೋದ ದಿನವೇ ಕೆಲಸ ಮುಗಿಸಿ ಕಳಿಸುತ್ತಾರಂತೆ. ಅಕ್ಕ ಕಣ್ಣೊರೆಸಿಕೊಳ್ಳುತ್ತ ಕೇಳಿದಳು, “ಹೊಟ್ಟಿ ಕೊಬ್ಬ ಕಣ್ಣಿಗೆ ಹಾಕ್ತೀರೇನ್ರಿ?”

“ಹೌದ್ರಿ ಅವ್ವಾರ.”

“ಕೊಬ್ಬ ಕಣ್ಣಿಗೆ ಬಂದ ಮಂದೀನ ಭಾಳ ನೋಡೇನಿ ನಾ. ಅವರಿಗೆ ಕಾಣೂದು ಕಡಿಮಿ ಆಗಿರ್ತೈತಿ.”

ಸಲಹೆಗಾರ ನಕ್ಕ. ನಗುವುದರಲ್ಲಿ ತರಬೇತಿ ಆಗಿತ್ತು. “ಅವ್ವಾರ ಭಾಳ ಚಾಷ್ಟಿ ಮಾಡ್ತಾರ. ಎರಡೂ ಕಣ್ಣಿಗೆ ಹಾಕ್ತೀವ್ರಿ, ಒಂದ ದಿನ.”

“ಎಡಗಣ್ಣಿಗೆ ಎದಕ? ಅದು ಛಲೋ ಐತಿ.”

“ಜೋಡೆತ್ತಿನಾಗ ಒಂದಕ್ಕ ಅಷ್ಟ ಹಿಂಡಿ ತಿನಿಸಿದ್ರ ಗಾಡಿ ಹೋಗ್ತೈತೇನ್ರಿ?”

ಮಾಮಾ ತಲೆಯಾಡಿಸಿದರು, ಎತ್ತಿನ ಮಾತು ಬಂದರೆ ಅವರು ಸೋತಂತೆಯೇ. ಅಕ್ಕನ ಎಡಗಣ್ಣಿಗೆ ಏನೂ ಆಗುವುದಿಲ್ಲವೆಂದು ಬೇಕಾದರೆ ಬರೆದುಕೊಡುತ್ತೇವೆ ಎಂದೂ ಅವನು ಸೇರಿಸಿದ. ಈ ಚಿಕಿತ್ಸೆ ಆದವರು ಹತ್ತಿರದಲ್ಲಿ ಯಾರಾದರೂ ಇದ್ದಾರೆಯೇ ಎಂದು ನಾನು ಕೇಳಿದೆ. ರಾಮದುರ್ಗದಲ್ಲಿ ಒಬ್ಬರು ನೇಕಾರರಿದ್ದಾರೆ, ಭಾಳ ಖುಷಿಯಾಗಿದ್ದಾರೆ ಎಂದು ಓಣಿಯ ಗುರುತು ಹೇಳಿದ. ಹೋಗಿ ನೋಡುವವರು ಯಾರೂ ಇರಲಿಕ್ಕಿಲ್ಲ ಎಂಬ ಧೈರ್ಯ ಇತ್ತೇನೋ. ನಿವೃತ್ತ ಮಾಸ್ತರನಿಗೆ ಬೇರೆ ಕೆಲಸ ಇರುವುದಿಲ್ಲ ಎಂಬುದು ಅವನ ಲೆಕ್ಕದಲ್ಲಿ ಬಂದಿರಲಿಲ್ಲ.

ಮರುವಾರ ಮಾಮಾನೂ ನಾನೂ ರಾಮದುರ್ಗದ ಬಸ್ಸು ಹತ್ತಿದೆವು. ನೇಕಾರರ ಮನೆಯಲ್ಲಿ ಮಗ್ಗದ ಸದ್ದು ನಡೆದಿತ್ತು, ನೇಯುತ್ತಿದ್ದವಳು ಸೊಸೆ. ಅವರು ಗೋಡೆಗೆ ಒರಗಿ ಕುಳಿತಿದ್ದರು. ನಮ್ಮ ಕಾಲಸಪ್ಪಳ ಕೇಳಿ ಚಾಪೆಯ ಮೇಲಿನ ಜಾಗವನ್ನು ಕೈಯಿಂದ ತಡವಿ ತೋರಿಸಿ, “ಬರ್ರಿ, ಕುಂದರ್ರಿ” ಅಂದರು. ಕಣ್ಣಿನ ಹಿಂದಿನ ಪರದೆ ವರ್ಷವರ್ಷ ಸುತ್ತಲಿಂದ ಸೊರಗುತ್ತ ಬರುವ ರೋಗ ಅವರದು.

“ಮೊದಲ ಹೆಂಗ ಕಾಣ್ತಿತ್ರಿ?” ಮಾಮಾ ಕೇಳಿದರು.

“ನಡುವ ಸಂದ್ಯಾಗಿಂದ ನೋಡಿದಂಗ ಕಾಣ್ತಿತ್ರಿ. ಸೀರಿ ಅಂಚಿನಾಗ ಎಳಿ ತಪ್ಪಿದ್ರ ಸೊಸಿಗೆ ಹೇಳ್ತಿದ್ದೆ.”

“ಈಗ?”

“ಈಗ ಬೆಳಕ ಐತಿ ಅನ್ನೂದ ತಿಳೀತೈತ್ರಿ. ಬಾಗಲಾ ಎತ್ತಾಗ ಐತಿ ಅನ್ನೂದು ಗೊತ್ತಾಗ್ತೈತಿ.”

“ಯಾವ ಕಣ್ಣಾಗ?”

“ಎರಡರಾಗೂ ಅಷ್ಟರಿ. ಎರಡಕ್ಕೂ ಒಂದ ದಿನ ಹಾಕಿದ್ರಲ್ಲ.”

ಸಿಟ್ಟು ಬರಲಿಲ್ಲವೇ ಎಂದು ನಾನು ಕೇಳಿದೆ. ಅವರು ಆ ಪ್ರಶ್ನೆಯನ್ನೇ ವಿಚಿತ್ರವೆಂಬಂತೆ ಕೇಳಿಸಿಕೊಂಡರು. “ಯಾಕ್ರಿ? ಭಾಳ ಮರ್ಯಾದಿ ಮಂದಿ ಅವರು. ಫೋನ್ ಮಾಡಿದ್ರ ಕಾಕಾರ, ಕಾಕಾರ ಅಂತಾರ. ಇನ್ನೊಂದು ಸೂಜಿ ಆತಂದ್ರ ಬರ್ತೈತಿ ಅಂದಾರ.” ನಾವು ಕುಳಿತಿದ್ದ ಕಡೆಗೆ ಮುಖ ತಿರುಗಿಸಿ, “ನೀವು ಅವರ ಕಡೆಯವರಲ್ಲೇನ್ರಿ? ಸೂಜಿ ಯಾವಾಗಂತ ಹೇಳಾಕ ಬಂದೀರಿ ಅಂದಕೊಂಡಿದ್ದೆ” ಅಂದರು.

ಮಗ್ಗ ನಿಂತಿತು. ಸೊಸೆ ನಮ್ಮನ್ನೇ ನೋಡುತ್ತಿದ್ದಳು. ಅಲ್ಲ, ನಾವು ಬೈಲಹೊಂಗಲದ ಕಡೆಯವರು, ಸುಮ್ಮನೆ ಮಾತಾಡಿಸಲು ಬಂದೆವು ಅಂದೆ. ಅವರಿಗೆ ಬೇಸರವಾದದ್ದು ಅದೊಂದಕ್ಕೆ.

ವಾಪಸು ಬರುವಾಗ ಮಾಮಾ ಕಿಟಕಿಯ ಹೊರಗೆ ನೋಡುತ್ತ ಕುಳಿತರು. ದಾರಿಯುದ್ದಕ್ಕೂ ಯಾರದೋ ಕಬ್ಬಿನ ಹೊಲ ಬಂದರೆ ಅದರ ತಪ್ಪು ಹೇಳುವುದು ಅವರ ಪದ್ಧತಿ. ಅಂದು ಎಷ್ಟೋ ಹೊಲ ತಪ್ಪಿಲ್ಲದೆ ದಾಟಿದವು. ಸವದತ್ತಿ ಬಂದ ಮೇಲೆ ಅಂದರು:

“ಮಾಸ್ತರ, ಅವತ್ತು ನೀರ ಹಾಕಬ್ಯಾಡ ಅಂದಾವ ನಾನ.”

“ಗೊತ್ತೈತಿ ಮಾಮಾ.”

“ಸುಣ್ಣ ಗೊತ್ತಿದ್ದಾವ ಅಂತ ಹಂಗ ಅಂದೆ. ಈಗ ಕಬ್ಬ ಗೊತ್ತಿದ್ದಾವ ಅಂತ ಹಿಂಗ ಅನ್ನಾಕ ಹತ್ತೇನಿ.”

ಶೇಂಗಾ ಕೊಂಡು ಅವರ ಕೈಗೆ ಹಾಕಿದೆ. ತಿಂದರು.

ಮತ್ತೆ ಮೂವರೂ ಕಣ್ಣಾಸ್ಪತ್ರೆಗೆ ಹೋದೆವು. ಡಾಕ್ಟರ್ ಬಾಯಿ ರಾಮದುರ್ಗದ ಸುದ್ದಿಯನ್ನು ಪೂರ್ತಿ ಕೇಳಿದರು. “ಅವರ ಸೂಜಿಗೂ ಕಾಂಡಕೋಶ ಅಂತಾರ, ನಮ್ಮ ಕಣ್ಣಂಚಿನ ಕೋಶಕ್ಕೂ ಕಾಂಡಕೋಶ ಅಂತಾರ. ಅದ ತ್ರಾಸ ಆಗಿದ್ದು,” ಅಂದರು. “ಬೀಜ ಅಂದ ಕೂಡ್ಲೆ ಎಲ್ಲಾ ಬೀಜಾನೂ ಜ್ವಾಳ ಆಗ್ತೈತೇನ್ರಿ? ಕಣ್ಣಂಚಿನ ಕೋಶಕ್ಕ ಒಂದ ಕೆಲಸ ಗೊತ್ತು, ಕರಿಗುಡ್ಡಿಗೆ ಹೊದಿಕಿ ಮಾಡೂದು. ಹುಟ್ಟಿದಾಗಿಂದ ಅದನ್ನ ಮಾಡ್ಯಾವ. ಅದನ್ನ ಆ ಕಣ್ಣಿಂದ ಈ ಕಣ್ಣಿಗೆ ಹಚ್ಚೂದು ನಮ್ಮ ದೇಶದಾಗ ಭಾಳ ವರ್ಷದಿಂದ ನಡದೈತಿ. ಹೊಟ್ಟಿ ಕೊಬ್ಬಿನ ಕೋಶ ಕಣ್ಣಿನ ಒಳಗ ಹೋಗಿ ಏನಾಗ್ತೈತಿ ಅನ್ನೂದು ಅದನ್ನ ಹಾಕಾವ್ರಿಗೂ ಗೊತ್ತಿಲ್ಲ. ಒಳಗ ಗಂಟ ಕಟ್ಟಿ ಪರದಿ ಜಗ್ಗಿ ಹರದ್ರ ಮುಗೀತು.”

ಹಾಗಾದರೆ ಆ ನೇಕಾರರ ರೋಗಕ್ಕೆ ಏನೂ ಇಲ್ಲವೇ ಎಂದೆ.

“ಇನ್ನೂ ಇಲ್ಲ್ರಿ. ಕಣ್ಣ ಪರದಿ ಕೋಶಾನ ಪ್ರಯೋಗಶಾಲೆಯೊಳಗ ಬೆಳಸಿ ಹಾಕಿ ನೋಡಾಕ ಹತ್ತ್ಯಾರ, ಹೊರದೇಶದಾಗೂ, ಇಲ್ಲೂ. ಆಸೆ ಐತಿ. ಆದ್ರ ನಿಯತ್ತಿಲೆ ಮಾಡಾವ್ರು ಮೊದಲ ಒಂದ ಕಣ್ಣಿಗೆ ಹಾಕ್ತಾರ, ಕೆಟ್ಟಿದ್ದ ಕಣ್ಣಿಗೆ. ಹಾಕಿ, ಕಾಯ್ತಾರ. ಪ್ರಯೋಗ ಅಂತ ಬಾಯಿಬಿಟ್ಟು ಹೇಳ್ತಾರ, ಅದಕ್ಕ ರೋಗಿ ಕಡೆ ರೊಕ್ಕ ಕೇಳೂದಿಲ್ಲ. ಎರಡೂ ಕಣ್ಣಿಗೆ ಒಂದ ದಿನ ಅನ್ನಾವ್ರ ಬಾಗಲಾ ದಾಟಬ್ಯಾಡ್ರಿ.”

‘ಇನ್ನೂ’ ಎಂಬುದು ಅವ್ಯಯ. ಮೂವತ್ತು ವರ್ಷ ಅದನ್ನು ಕಲಿಸಿದ ನನಗೆ ಆ ಸಣ್ಣ ಅವ್ಯಯದ ಮೇಲೆ ರಾಮದುರ್ಗದ ಒಬ್ಬ ಮನುಷ್ಯ ಗೋಡೆಗೊರಗಿ ಕುಳಿತಿರುವುದು ಅಂದು ಕಾಣಿಸಿತು.

ಅಕ್ಕ ಸೆರಗು ಸರಿಮಾಡಿಕೊಂಡಳು. “ನನ್ನ ಎಡಗಣ್ಣಿಗೆ ಏನೂ ಆಗೂದಿಲ್ಲಂತ ಬರದು ಕೊಡ್ತೀರೇನ್ರಿ ಬಾಯಾರ?”

“ಇಲ್ಲ್ರಿ ಅವ್ವಾ. ಮದ್ಲಿಗೆ ದೊಡ್ಡ ತುಂಡ ತಗೀತಿದ್ರು, ಈಗ ಸಣ್ಣ ಚೂರ ಸಾಕು. ಆಗೂದು ಭಾಳ ಕಡಿಮಿ. ಆಗೂದ ಇಲ್ಲಂತ ನಾ ಹ್ಯಾಂಗ ಬರೀಲಿ? ಬಲಗಣ್ಣಾಗೂ ಎಲ್ಲಾರಿಗೂ ನಿಲ್ಲೂದಿಲ್ಲ. ಕೆಲವರಿಗೆ ಕಸ ಹೊಳ್ಳಿ ಬರ್ತೈತಿ.”

ಮಾಮಾನ ಮುಖ ಇಳಿಯಿತು. ಕೊನೆಯ ಪ್ರಯತ್ನವಾಗಿ, ಅಂಚು ನನ್ನ ಕಣ್ಣಿಂದ ತೆಗೆಯಿರಿ ಅಂದರು. ಬೇರೆಯವರದನ್ನು ಹಾಕಿದರೆ ಅವಳ ಮೈ ಒಪ್ಪುವುದಿಲ್ಲ, ಒಪ್ಪಿಸಲು ಬಹಳ ಕಾಲ ಗಟ್ಟಿ ಔಷಧಿ ತಿನ್ನಬೇಕು, ತನ್ನದೇ ಇರುವಾಗ ಅದು ಬೇಡ ಎಂದು ಡಾಕ್ಟರ್ ಬಾಯಿ ಮೆತ್ತಗೆ ಹೇಳಿದರು. “ನಲವತ್ತ ವರ್ಷ ಸಂಸಾರ ಮಾಡೇವ್ರಿ, ಇನ್ನೂ ಒಪ್ಪೂದಿಲ್ಲಂದ್ರ ಹೆಂಗ?” ಮಾಮಾ ನಿಜವಾದ ನೋವಿನಿಂದ ಕೇಳಿದರು.

ತಿರುಗಿ ಬರುವಾಗ ಕಿತ್ತೂರಿನಲ್ಲಿ ಬಸ್ಸು ಬದಲಿಸಬೇಕು. ನಿಲ್ದಾಣದ ಪಕ್ಕ ಚಹಾ ಕುಡಿಯುತ್ತ ನಿಂತೆವು.

“ಇದ್ದೊಂದು ಕಣ್ಣೂ ಹೋದ್ರ ನಿನಗ ನಾ ಏನ ಮುಖಾ ತೋರಸ್ಲಿ?” ಮಾಮಾ ಅಂದರು.

“ಕಣ್ಣ ಹೋದ ಮ್ಯಾಲೆ ತೋರ್ಸೂದ ಬ್ಯಾಡ ಬಿಡ್ರಿ, ಕಾಣೂದಿಲ್ಲ.” ಅಕ್ಕ ಬಸಿಯಿಂದ ಒಂದು ಗುಟುಕು ಹೀರಿದಳು. “ನೋಡ್ರಿ, ಸವದತ್ತ್ಯಾಗಿನಾಂವ ಬರದು ಕೊಡ್ತೇನಿ ಅಂದ. ಇಕಿ ಕೊಡೂದಿಲ್ಲ ಅಂದಳು. ನನಗ ಇಕೀನ ಬರೊಬ್ಬರಿ ಅನಸ್ತಾಳ.”

“ಇದ್ದಂಗ ಇದ್ರ ಆಗೂದಿಲ್ಲೇನ?”

“ಇದ್ದಂಗ ಇದ್ದು ನೋಡೇನಲ್ಲ. ಈ ಸುಟ್ಟ ಕಣ್ಣ ದಿನಾ ಉರೀತೈತಿ, ನಿಮಗ ಹೇಳೂದಿಲ್ಲ ಅಷ್ಟ. ಹೇಳಿದ್ರ ಹಂಡೆ ಹಂಡೆ ನೀರ ತರ್ತೀರಿ.”

ಮಾಮಾ ಲೋಟ ಕೆಳಗಿಟ್ಟರು. ಅವಳು ಆ ಮಾತನ್ನು ಅಷ್ಟು ವರ್ಷದಲ್ಲಿ ಮೊದಲ ಸಲ ಆಡಿದ್ದಳು, ಅದೂ ನಗುತ್ತ. ಅವರು “ಯಾವಾಗ ಹೋಗೂದು?” ಎಂದು ನನ್ನನ್ನು ಕೇಳಿದರು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಒಂದು ಧಾರ್ಮಿಕ ಸಮಸ್ಯೆ ಎದ್ದಿತು. ಎಡಗಣ್ಣಿನ ಚೂರನ್ನು ಇನ್ನೂ ಸಣ್ಣ ಚೂರುಗಳಾಗಿ ಕತ್ತರಿಸಿ, ಬಲಗಣ್ಣಿನ ಕಸ ತೆಗೆದು, ಅಲ್ಲಿ ಒಂದು ತೆಳು ಪೊರೆ ಹಾಸಿ, ಅದರ ಮೇಲೆ ಒಂದೊಂದೇ ಅಂಟಿಸುತ್ತಾರಂತೆ. ಆ ಪೊರೆ ಹೆರಿಗೆಯಲ್ಲಿ ಬರುವ ಮಾಸಿನದು. ತಾಯಂದಿರು ದಾನ ಕೊಟ್ಟದ್ದನ್ನು ಶುದ್ಧ ಮಾಡಿ ಇಟ್ಟಿರುತ್ತಾರೆ. ನಮ್ಮ ಕಡೆ ಮಾಸಿಗೆ ಅರಿಸಿನ ಕುಂಕುಮ ಹಚ್ಚಿ ಹೂಳುತ್ತಾರೆ, ಕಣ್ಣಿಗೆ ಹಚ್ಚುವುದಿಲ್ಲ. ಅಕ್ಕ ಬಹಳ ಹೊತ್ತು ಯೋಚಿಸಿ ನರ್ಸನ್ನು ಕರೆದು ಕೇಳಿದಳು, “ಕೂಸ ಹೆಣ್ಣೋ ಗಂಡೋ?” ನರ್ಸು ಗೊತ್ತಿಲ್ಲ ಅಂದಳು. “ಆರಾಮ ಐತಿಲ್ಲೋ?” ಆರಾಮ ಇದೆ ಎಂದು ನರ್ಸು ತನ್ನ ಸ್ವಂತ ಜವಾಬ್ದಾರಿಯ ಮೇಲೆ ಹೇಳಿದಳು. “ಹಂಗಾರ ಹಾಕ್ರಿ.”

ಮಾಮಾ ಮಾತ್ರ ‘ಚೂರು ಮಾಡಿ ಊರುತ್ತಾರೆ’ ಎಂಬುದನ್ನು ಹಿಡಿದುಕೊಂಡಿದ್ದರು. “ಅಂದ್ರ ಕಬ್ಬಿನಂಗ ಅಂದಂಗಾತು” ಎಂದು ನನ್ನ ಕಿವಿಯಲ್ಲಿ ಹೇಳಿ, ಕೂಡಲೇ ತಾವೇ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

ಆದ ಮೇಲೆ ಎರಡೂ ಕಣ್ಣಿಗೆ ಪಟ್ಟಿ. ಮರುದಿನ ಮೊದಲು ಬಿಚ್ಚಿದ್ದು ಎಡಗಣ್ಣಿನದು. ಡಾಕ್ಟರ್ ಬಾಯಿ ಬಾಗಿದರು, ನರ್ಸು ದೀಪ ಹಿಡಿದಳು, ಮಾಮಾ ಬಾಗಿಲ ಹೊರಗೆ ಹೋಗಿ ನಿಂತರು. ಅಕ್ಕ ರೆಪ್ಪೆ ಬಿಟ್ಟಳು, ಮುಚ್ಚಿದಳು, ಮತ್ತೆ ಬಿಟ್ಟಳು. ಕಣ್ಣು ಕೆಂಪಾಗಿತ್ತು. ಅವಳು ಕೋಣೆಯನ್ನೆಲ್ಲ ನಿಧಾನವಾಗಿ ನೋಡಿ ಬಾಗಿಲಲ್ಲಿ ನೋಟ ನಿಲ್ಲಿಸಿದಳು. “ಅವರ ಅಂಗಿ ಗುಂಡಿ ಹೆಚ್ಚುಕಡಿಮಿ ಆಗ್ಯಾವ, ಹೇಳೋ ತಮ್ಮಾ” ಅಂದಳು. ನಾನು ಹೊರಗೆ ಹೋಗಿ ಹೇಳಿದೆ. ಮಾಮಾ ಗುಂಡಿಗಳನ್ನೆಲ್ಲ ಬಿಚ್ಚಿ, ಮತ್ತೆ ಹಾಕಿಕೊಳ್ಳಲು ಬರದೆ, ಗೋಡೆಯ ಕಡೆ ಮುಖ ಮಾಡಿ ನಿಂತರು.

ಬಲಗಣ್ಣಿನದು ನಿಧಾನದ ಕೆಲಸ. ಹನಿ, ಮತ್ತೆ ಹನಿ, ತಪಾಸಣೆ. ಉರಿ ನಿಂತಿತು, ನೀರು ನಿಂತಿತು. ಚೂರುಗಳು ಹಿಡಿದಿವೆ, ಮೇಲ್ಪದರ ಹರಡಿದೆ ಅಂದರು. ಒಳಗಿನ ಕಲೆ ಹಾಗೇ ಇದೆ. ಬದು ಗಟ್ಟಿಯಾದರೆ ಮುಂದೆ ದಾನಿಗಳ ಪದರ ಹಾಕಿ ನೋಡಬಹುದು, ಅದೂ ನೋಡಬಹುದು ಅಷ್ಟೇ. ಅವಸರ ಇಲ್ಲ ಅಂದಳು ಅಕ್ಕ.

ಕಳೆದ ವಾರ ನೇಸರಗಿಗೆ ಹೋಗಿದ್ದೆ. ಇಳಿಹೊತ್ತಿಗೆ ಕಟ್ಟೆಯ ಮೇಲೆ ಪರೀಕ್ಷೆ ನಡೆದಿತ್ತು. ಅಕ್ಕ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ರಸ್ತೆಯ ಕಡೆ ನೋಡುತ್ತಿದ್ದಳು; ಮಾಮಾ ಪಕ್ಕದಲ್ಲಿ ಕುಳಿತು ಮೇಲ್ವಿಚಾರಣೆ ಮಾಡುತ್ತಿದ್ದರು. ನಾನು ಪ್ರೇಕ್ಷಕ.

“ಈಗ ಹೋಗಿದ್ದೇನು?” ಮಾಮಾ ಕೇಳಿದರು.

“ಏನೋ ಕರ್ರಗಿಂದು. ಎಮ್ಮಿ ಇರಬೇಕು.”

“ನಮ್ಮ ಓಣಿ ಹಿರ್ಯಾ, ಛತ್ರಿ ಹಿಡಕೊಂಡು ಹೋದಾ.”

“ಎಮ್ಮೀನ ಅಂತ ತಿಳೀರಿ, ಏನೂ ತಪ್ಪಿಲ್ಲ. ತಡೀರಿ, ದೊಡ್ಡದೊಂದು ಬರಾಕ ಹತ್ತೈತಿ. ಕೆಂಪೈತಿ. ಬಸ್ಸು!”

“ಯಾವೂರಿಂದು? ಬೋರ್ಡ ಓದು ನೋಡೂಣು.”

ಅಕ್ಕ ಅಂಗೈ ತೆಗೆದಳು, ಎಡಗಣ್ಣನ್ನು ಕಿರಿದು ಮಾಡಿ ನೋಡಿದಳು, ನನ್ನ ಬೆನ್ನ ಮೇಲೆ ಒಂದು ಹೊಡೆದಳು.

“ಬೈಲಹೊಂಗಲ. ಏಳೋ ತಮ್ಮಾ, ಓಡು, ನಿನ್ನ ಬಸ್ಸದು!”